ಅರ್ಮೇನಿಯಾದ ಗ್ಯುಮ್ರಿ ಊರಿನ ಡೊಮಿಕ್ ಮನೆಗಳ ಬಡತನದ ಬಗ್ಗೆ ಎರಡು ದಿನಗಳಲ್ಲಿ ಒಂದು ಚಿತ್ರ ಸರಣಿ ತೆಗೆಯಲು ಯಾವ ಲೆನ್ಸ್ ಸೂಕ್ತ ಎಂದು ಕೇಳಿದ್ದೀರಿ.

ಆ ದೇಶದ ರಾಜಧಾನಿ ಯೆರೆವಾನ್‌ನಲ್ಲಿ ವೈದ್ಯಕೀಯ ಓದುತ್ತಿದ್ದಾಗ, 2014ರ ಜನವರಿಯಲ್ಲಿ, ನಾನೂ ಇದೇ ಪ್ರಶ್ನೆಯನ್ನು ಹೊತ್ತು ಅದೇ ಊರಿಗೆ ಹೋಗಿದ್ದೆ.

1988ರ ಡಿಸೆಂಬರ್ 7ರ ಭೂಕಂಪ ಸುಮಾರು 25,000 ಜನರನ್ನು ಬಲಿ ತೆಗೆದುಕೊಂಡಾಗ ಆ ಊರಿನ ಹೆಸರು ಲೆನಿನಾಕಾನ್. ಎರಡು ವರ್ಷಗಳಲ್ಲಿ ಎಲ್ಲವನ್ನೂ ಮರಳಿ ಕಟ್ಟುವೆನೆಂದಿದ್ದ ಸೋವಿಯತ್ ಒಕ್ಕೂಟವೇ 1991ರಲ್ಲಿ ಇಲ್ಲವಾಯಿತು. ತಾತ್ಕಾಲಿಕವೆಂದು ತಂದಿಟ್ಟ ಡೊಮಿಕ್‌ಗಳು, ಅಂದರೆ ತಗಡು ಹಲಗೆಗಳ ಪೆಟ್ಟಿಗೆಯಂಥ ಮನೆಗಳು, ಉಳಿದುಕೊಂಡವು.

ಅಂಥದೊಂದು ಮನೆಯ ಅಜ್ಜಿ ನನಗೆ ಕಾಫಿ ಕೊಟ್ಟು, ಫೋಟೊಗೆ ಒಪ್ಪಿ, ‘ತಾಳು ಮಗು, ಒಳ್ಳೆಯ ಬಟ್ಟೆ ಹಾಕಿಕೊಂಡು ಬರುತ್ತೇನೆ’ ಎಂದು ಪರದೆಯ ಹಿಂದೆ ಹೋದರು. ಒಲೆಯ ಕಾವಿಗೆ ಚಾವಣಿಯ ಹಿಮ ಕರಗಿ ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು. ಪರದೆಯ ಸಂದಿಯಲ್ಲಿ, ಮೊಣಕೈ ಹರಿದ ಸ್ವೆಟರಿನಲ್ಲೇ ಬಾಗಿ ಅವರು ಪೆಟ್ಟಿಗೆ ತಡಕುತ್ತಿದ್ದರು. ನಾನು ಮೂರು ಬಾರಿ ಕ್ಲಿಕ್ಕಿಸಿದೆ. ಬಳಿಕ ನೀಲಿ ಉಡುಪಿನಲ್ಲಿ ನೆಟ್ಟಗೆ ಕುಳಿತ ಅವರ ಚಿತ್ರ ನನಗೆ ಸಪ್ಪೆಯೆನಿಸಿತು. ಹರಿದ ಸ್ವೆಟರಿನದನ್ನೇ ಅಂತರ್ಜಾಲಕ್ಕೆ ಹಾಕಿದೆ. ರಷ್ಯಾದಲ್ಲಿ ಕಟ್ಟಡ ಕೆಲಸಕ್ಕಿದ್ದ ಅವರ ಮಗನಿಗೆ ಅದನ್ನು ಜೊತೆಯ ಕೆಲಸಗಾರರೇ ತೋರಿಸಿದರಂತೆ. ಮಾರ್ಚ್‌ನಲ್ಲಿ ಮತ್ತೆ ಹೋದಾಗ ಅಜ್ಜಿ ಬಾಗಿಲನ್ನು ಅರ್ಧವಷ್ಟೇ ತೆರೆದು, ‘ತಾಳು ಎಂದಿದ್ದೆನಲ್ಲ’ ಎಂದರು.

ನನ್ನ ತಪ್ಪು ಅನುಮತಿ ಕೇಳದಿದ್ದುದಲ್ಲ. ಕೇಳಿದ್ದೆ, ಅವರು ಒಪ್ಪಿದ್ದರು. ಆದರೆ ಅವರು ಒಪ್ಪಿದ್ದು ನೀಲಿ ಉಡುಪಿನ ಚಿತ್ರಕ್ಕೆ. ಆ ಒಪ್ಪಿಗೆಯನ್ನು ನಾನು ಬೇರೊಂದು ಚಿತ್ರಕ್ಕೆ ಬಳಸಿಕೊಂಡೆ, ಮತ್ತು ಸಿದ್ಧವಾಗಿಲ್ಲದ ಮುಖವೇ ನಿಜವಾದ ಮುಖವೆಂದು ನಂಬಿದೆ. ಇಪ್ಪತ್ತೈದು ವರ್ಷ ತಗಡಿನ ಗೂಡಿನಲ್ಲಿದ್ದೂ ಅತಿಥಿಗಾಗಿ ಆ ಉಡುಪನ್ನು ಇಸ್ತ್ರಿ ಮಾಡಿ ಕಾದಿಟ್ಟದ್ದೂ ಅಷ್ಟೇ ನಿಜವಾಗಿತ್ತು. ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಉಕ್ರೇನಿನ ಖಾರ್ಕಿವ್‌ನ ಛಾಯಾಗ್ರಾಹಕ ಬೊರಿಸ್ ಮಿಖಾಯ್ಲೋವ್ 1990ರ ದಶಕದ ಕೊನೆಯಲ್ಲಿ ನಿರ್ಗತಿಕರಿಗೆ ಹಣ ಕೊಟ್ಟು ಚಿತ್ರಕ್ಕೆ ನಿಲ್ಲಿಸಿದ್ದನ್ನು ಹಲವರು ಟೀಕಿಸುತ್ತಾರೆ. ನಾನು ಕದ್ದು ತೆಗೆದುದಕ್ಕಿಂತ ಆ ಮುಕ್ತ ವ್ಯವಹಾರವೇ ಮೇಲೆಂದು ನನಗೆ ಅನ್ನಿಸುತ್ತದೆ.

ಆದ್ದರಿಂದ ‘ಬಡತನದ ಸರಣಿ’ ಎಂಬ ಯೋಚನೆಯನ್ನೇ ಬಿಡಿ. ಎರಡು ದಿನಗಳಲ್ಲಿ ಅದು ಆಗುವ ಕೆಲಸವೂ ಅಲ್ಲ. ಮೊದಲ ಸಲ ಕ್ಯಾಮೆರಾ ಇಲ್ಲದೆ ಹೋಗಿ. ತೆಗೆದ ಚಿತ್ರಗಳನ್ನು ಮುದ್ರಿಸಿ ಮನೆಯವರ ಕೈಗೆ ಕೊಡಿ. ಅವರು ಬೇಡವೆಂದದ್ದು ನಿಮ್ಮ ಅತ್ಯುತ್ತಮ ಚಿತ್ರವಾಗಿದ್ದರೂ ಎಲ್ಲಿಯೂ ಹಾಕಬೇಡಿ. ಕೋಣೆಗಳು ಚಿಕ್ಕವಾದ್ದರಿಂದ 35 ಎಂಎಂ ಲೆನ್ಸ್ ಸಾಕು.