ಕಲ್ಲುಹೂವಿನ ಮೇಲೂ ಶಿಲೀಂಧ್ರ ಬೆಳೆಯುತ್ತದೆಯೇ? ಅವುಗಳಲ್ಲಿ ಎಷ್ಟು ಬಗೆ?

ಬೆಳೆಯುತ್ತದೆ. ಕಲ್ಲುಹೂವು ಅಂದರೆ ಶಿಲೀಂಧ್ರ ಮತ್ತು ಪಾಚಿಯ ಜೋಡಿ ಸಂಸಾರ, ಅಲ್ವಾ? ಆ ಮನೆಗೆ ಬಂದು ಸೇರುವ ಬೇರೆ ಶಿಲೀಂಧ್ರಗಳು ಇವು. ಈವರೆಗೆ 2,000ಕ್ಕೂ ಜಾಸ್ತಿ ಪ್ರಭೇದಗಳು ಗೊತ್ತಾಗಿವೆ.

ಶಿಲೀಂಧ್ರಗಳ ದೊಡ್ಡ ವಿಭಾಗಗಳ ಲೆಕ್ಕದಲ್ಲಿ ಹೆಚ್ಚಿನವು ಆಸ್ಕೊಮೈಕೋಟ ವಿಭಾಗದವು, ಸ್ವಲ್ಪ ಮಾತ್ರ ಬೆಸಿಡಿಯೊಮೈಕೋಟ ವಿಭಾಗದವು. ಆದರೆ ಇವೆಲ್ಲ ಒಂದೇ ಮೂಲದಿಂದ ಬಂದವಲ್ಲ. ಬೇರೆ ಬೇರೆ ವಂಶಗಳಲ್ಲಿ ಈ ಚಾಳಿ ಬೇರೆ ಬೇರೆಯಾಗಿಯೇ ಹುಟ್ಟಿದೆ. ಹಾಗಾಗಿ ಬದುಕುವ ರೀತಿ ನೋಡಿಯೂ ವಿಂಗಡಿಸುತ್ತಾರೆ. ಕೆಲವು ಸುಮ್ನೆ ಇರುತ್ತವೆ. ಟ್ರೆಮೆಲ್ಲಾ ಕುಲದ ಹಲವು ಗಂಟು ಎಬ್ಬಿಸುತ್ತವೆ. ಅಥೇಲಿಯಾ ಅರಾಕ್ನಾಯ್ಡಿಯಾ ಕೊಂದೇ ಬಿಡುತ್ತದೆ.

ನನಗೆ ಮಜಾ ಅನ್ನಿಸುವುದು ಡಿಪ್ಲೊಸ್ಕಿಸ್ಟಿಸ್ ಮಸ್ಕೋರಮ್. ಇದು ಮೊದಲು ಕ್ಲಾಡೋನಿಯಾ ಎಂಬ ಕಲ್ಲುಹೂವಿನೊಳಗೆ ನುಗ್ಗಿ, ಅದರ ಪಾಚಿಯನ್ನೇ ಕದಿಯುತ್ತದೆ. ಆಮೇಲೆ ಬೇರೆ ಪಾಚಿ ಹಿಡಿದು ತಾನೇ ಸ್ವತಂತ್ರ ಕಲ್ಲುಹೂವಾಗುತ್ತದೆ!