ಜರ್ಮನಿಗೆ ಬಂದವರು ಜರ್ಮನ್ ಕಲಿಯಲೇಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ಸ್ಟುಟ್‌ಗಾರ್ಟ್‌ನಲ್ಲಿ ಐಟಿ ಕೆಲಸ ಸಿಕ್ಕಿದೆ, ಬ್ಲೂ ಕಾರ್ಡ್ (ಓದಿದ ವಿದೇಶಿ ಕೆಲಸಗಾರರಿಗೆ ಕೊಡುವ ವಾಸದ ಪರವಾನಗಿ) ಬರುತ್ತದೆ, ಹೆಂಡತಿಯೂ ಜೊತೆಗೆ ಬರುತ್ತಾರೆ, ಇಬ್ಬರಿಗೂ ಭಾಷಾ ಪರೀಕ್ಷೆ ಕೇಳುವುದಿಲ್ಲ, ಆಫೀಸಿನಲ್ಲಿ ಎಲ್ಲ ಇಂಗ್ಲಿಷ್. ಹಾಗಿದ್ದ ಮೇಲೆ ವಲಸೆ ಬಂದವರು ಆ ದೇಶದ ಭಾಷೆ ಕಲಿಯಲೇಬೇಕು ಅನ್ನುವುದು ಸುಮ್ನೆ ಒತ್ತಾಯ ಅಲ್ವಾ?

ಕಲಿಯಬೇಕು. ಆದರೆ 'ಅವರ ನೆಲಕ್ಕೆ ಮರ್ಯಾದೆ ಕೊಡಬೇಕು' ಅನ್ನುವ ಕಾರಣಕ್ಕಲ್ಲ. ಮರ್ಯಾದೆಗೋಸ್ಕರ ಯಾರೂ ವರ್ಷಗಟ್ಟಲೆ ಜರ್ಮನ್ ವ್ಯಾಕರಣದ ಜೊತೆ ಗುದ್ದಾಡುವುದಿಲ್ಲ. ನಾನು ನೋಡುವ ರೀತಿ ಬೇರೆ. ಒಂದು ದೇಶ 'ನಿನಗೆ ನಮ್ಮ ಭಾಷೆ ಬೇಡ, ಹಾಗೇ ಬಾ' ಅಂದರೆ, ಈತ ಬಹಳ ದಿನ ಇರುವವನಲ್ಲ ಅಂತ ಅದು ಲೆಕ್ಕ ಹಾಕಿದೆ ಅಂತಲೇ ನನಗನ್ನಿಸುತ್ತದೆ. ಆ ರಿಯಾಯಿತಿಯ ಬೆಲೆಯನ್ನು ಕಟ್ಟುವುದು ಮಾತ್ರ ಬಂದವರು.

ಜರ್ಮನಿ ಇದನ್ನು ಒಮ್ಮೆ ಮಾಡಿ ನೋಡಿದೆ. ಮಹಾಯುದ್ಧ ಮುಗಿದ ಮೇಲೆ ಕಾರ್ಖಾನೆಗಳಿಗೂ ಗಣಿಗಳಿಗೂ ಆಳುಗಳು ಸಾಲಲಿಲ್ಲ. ಪಶ್ಚಿಮ ಜರ್ಮನಿ 1955ರಲ್ಲಿ ಇಟಲಿಯ ಜೊತೆ, 1960ರಲ್ಲಿ ಸ್ಪೇನ್ ಮತ್ತು ಗ್ರೀಸ್ ಜೊತೆ, 1961ರಲ್ಲಿ ಟರ್ಕಿಯ ಜೊತೆ ಒಪ್ಪಂದ ಮಾಡಿಕೊಂಡು ಕೆಲಸಗಾರರನ್ನು ಕರೆಸಿಕೊಂಡಿತು. ನೀವು ಬರುತ್ತಿರುವ ಸ್ಟುಟ್‌ಗಾರ್ಟ್ ಸುತ್ತಮುತ್ತಲ ಕಾರು ಕಾರ್ಖಾನೆಗಳೂ ಹಾಗೇ ತುಂಬಿದ್ದು. ಟರ್ಕಿಯವರಿಗೆ ಮೊದಲು ಎರಡು ವರ್ಷದ ಗಡುವಿತ್ತು: ದುಡಿ, ವಾಪಸ್ ಹೋಗು, ನಿನ್ನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ. ಕೆಲಸ ಕಲಿತವರನ್ನು ಕಳಿಸಿ ಹೊಸಬರಿಗೆ ಮತ್ತೆ ಕಲಿಸುವುದು ಕಾರ್ಖಾನೆಯವರಿಗೇ ನಷ್ಟ. ಹಾಗಾಗಿ 1964ರಲ್ಲಿ ಆ ಗಡುವನ್ನು ತೆಗೆದರು. ಆದರೂ ಇವರು ಇವತ್ತಲ್ಲ ನಾಳೆ ಹೋಗುವವರು ಅನ್ನುವ ಎಣಿಕೆ ಹೋಗಲಿಲ್ಲ. ಹೋಗುವವರಿಗೆ ಭಾಷೆ ಯಾಕೆ? ಯಂತ್ರ ನಡೆಸುವಷ್ಟು ಗೊತ್ತಿದ್ದರೆ ಸಾಕು ಅಂದುಕೊಂಡರು.

1973ರಲ್ಲಿ, ತೈಲ ಬಿಕ್ಕಟ್ಟಿನ ಹೊತ್ತಿಗೆ, ಹೊಸಬರನ್ನು ಕರೆಸುವುದು ನಿಂತಿತು. ಈಗ ಹೊರಟರೆ ಮತ್ತೆ ಬರಲಾಗುವುದಿಲ್ಲ ಅಂತ ಎಷ್ಟೋ ಜನ ಇಲ್ಲೇ ಉಳಿದರು, ಸಂಸಾರ ಕರೆಸಿಕೊಂಡರು. ಬಂದವರಿಗೆ ಭಾಷೆ ಮತ್ತು ಇಲ್ಲಿನ ರೀತಿನೀತಿ ಕಲಿಸುವ, ದೇಶಕ್ಕೆಲ್ಲ ಒಂದೇ ಪದ್ಧತಿಯ ಇಂಟಿಗ್ರೇಷನ್ ಕೋರ್ಸ್ ಶುರುವಾಗಿದ್ದು 2005ರಲ್ಲಿ. ಇಟಲಿಯವರನ್ನು ಕರೆಸಿ ಐವತ್ತು ವರ್ಷವಾದ ಮೇಲೆ! ಅಷ್ಟರೊಳಗೆ 'ಇವರು ಇಷ್ಟು ವರ್ಷ ಇದ್ದರೂ ಜರ್ಮನ್ ಕಲಿಯಲಿಲ್ಲ' ಅನ್ನುವ ದೂರು ಶುರುವಾಗಿ ಎಷ್ಟೋ ಕಾಲವಾಗಿತ್ತು. ಪಾಳಿ ಕೆಲಸ ಮಾಡಿ ಬಂದವನು ಎಲ್ಲಿ, ಯಾವಾಗ, ಯಾರ ಹತ್ತಿರ ಕಲಿಯಬೇಕಿತ್ತು ಅಂತ ದೂರುವವರು ಕೇಳಿಕೊಂಡಂತೆ ಕಾಣುವುದಿಲ್ಲ. 2024ರ ಪೌರತ್ವ ಕಾನೂನು ಈ ತಲೆಮಾರಿಗೆ ಒಂದು ವಿನಾಯಿತಿ ಕೊಟ್ಟಿದೆ. 1974ರ ಜೂನ್ 30ರೊಳಗೆ ಹಾಗೆ ಬಂದವರು ಪೌರತ್ವದ ಪರೀಕ್ಷೆ ಬರೆಯಬೇಕಿಲ್ಲ, ದಿನಬಳಕೆಯ ಮಾತು ಬಂದರೆ ಸಾಕು. ತಡವಾಯಿತು, ಆದರೂ ಸರಿಯಾದ ಕೆಲಸ.

ಈಗ ಬ್ಲೂ ಕಾರ್ಡಿಗೆ ಬನ್ನಿ. ಸಾಮಾನ್ಯವಾಗಿ ಗಂಡನ ಅಥವಾ ಹೆಂಡತಿಯ ಹಿಂದೆ ಬರುವವರು ವೀಸಾಗೆ ಮೊದಲೇ ಜರ್ಮನ್ ಭಾಷೆಯ ಎ1 ಪರೀಕ್ಷೆ ಪಾಸಾಗಿರಬೇಕು, ಅಂದರೆ ತೀರಾ ಮೊದಲ ಮೆಟ್ಟಿಲು. ಬ್ಲೂ ಕಾರ್ಡಿನವರ ಜೊತೆಗೆ ಬರುವವರಿಗೆ ಅದಿಲ್ಲ. ಬಂದ ದಿನದಿಂದಲೇ ಕೆಲಸ ಮಾಡುವ ಹಕ್ಕೂ ಇದೆ. ಕೇಳಲು ಚೆನ್ನಾಗಿದೆ, ಅಲ್ವಾ? ನಾನೂ ಹಾಗೇ ಬಂದವಳು. ಊರಲ್ಲಿ ಬಿಕಾಂ ಮುಗಿಸಿ ಲೆಕ್ಕಪತ್ರದ ಕೆಲಸ ಮಾಡುತ್ತಿದ್ದೆ. ಇಲ್ಲಿ ಬಂದು ನೋಡಿದರೆ ನನ್ನ ಕೆಲಸದಲ್ಲಿ ಬರುವ ಬಿಲ್ಲು, ತೆರಿಗೆ, ಪತ್ರ ಎಲ್ಲವೂ ಜರ್ಮನ್. ಕೆಲಸ ಮಾಡುವ ಹಕ್ಕು ಕಾಗದದ ಮೇಲಿತ್ತು, ಅಷ್ಟೇ. ನನ್ನ ಯಜಮಾನರಿಗೆ ಆಫೀಸಿತ್ತು, ಅಲ್ಲಿ ಇಂಗ್ಲಿಷಿತ್ತು, ಮಧ್ಯಾಹ್ನ ಊಟಕ್ಕೆ ಜೊತೆಯಿತ್ತು. ಭಾಷೆ ಬೇಡ ಅನ್ನುವ ರಿಯಾಯಿತಿ ಅವರಿಗೆ ನಿಜಕ್ಕೂ ರಿಯಾಯಿತಿಯೇ. ನನಗೆ ಅದು ಮನೆಯೊಳಗೆ ಕೂರುವ ಅಪ್ಪಣೆಯಾಗಿತ್ತು. ನೀವು ಆಫೀಸಿನ ಬಗ್ಗೆ ಮೂರು ಸಾಲು ಬರೆದಿದ್ದೀರಿ, ಹೆಂಡತಿ ಇಲ್ಲಿ ಏನು ಮಾಡುತ್ತಾರೆ ಅಂತ ಒಂದು ಸಾಲೂ ಇಲ್ಲ. ಅವರನ್ನೂ ಒಮ್ಮೆ ಕೇಳಿ.

ಇನ್ನು ಪತ್ರಗಳು. ಜರ್ಮನಿಯಲ್ಲಿ ಬದುಕು ನಡೆಯುವುದೇ ಅಂಚೆ ಡಬ್ಬಿಯ ಮೂಲಕ. ಸರ್ಕಾರಿ ಕಚೇರಿಯ ಭಾಷೆ ಜರ್ಮನ್ ಅಂತ ಕಾನೂನಿನಲ್ಲೇ ಇದೆ. ಕೌಂಟರಿನವರಿಗೆ ಇಂಗ್ಲಿಷ್ ಬಂದರೂ ಬಾಯಿ ಬಿಡದಿರಬಹುದು, ಅವರನ್ನು ಬೈದು ಪ್ರಯೋಜನವಿಲ್ಲ. ತೆರಿಗೆ ಕಚೇರಿಯ ಆದೇಶ ಬಂತು ಅನ್ನಿ. ಲೆಕ್ಕ ತಪ್ಪಿದೆ ಅನ್ನಿಸಿದರೆ ಆಕ್ಷೇಪಣೆ ಹಾಕಲು ಒಂದು ತಿಂಗಳು ಸಮಯ. ಆ ಸಾಲು ಪತ್ರದ ಕೊನೆಯಲ್ಲೆಲ್ಲೋ ಇರುತ್ತದೆ. ಫೋನಿನ ಆ್ಯಪ್ ಅನುವಾದ ಮಾಡಿಕೊಡುತ್ತದೆ, ನಿಜ. ಆದರೆ ಯಾವ ಪತ್ರಕ್ಕೆ ಹೆದರಬೇಕು, ಯಾವುದು ಸುಮ್ನೆ ಜಾಹೀರಾತು ಅಂತ ಆ್ಯಪ್ ಹೇಳುವುದಿಲ್ಲ. ಬಾಡಿಗೆ, ವಿಮೆ, ಮಗುವಿನ ಕೀಟಾ (ನಮ್ಮ ಶಿಶುವಿಹಾರದಂಥದ್ದು), ಎಲ್ಲವೂ ಹೀಗೇ.

ನನ್ನ ಪರಿಚಯದ ಒಂದು ಟರ್ಕಿಶ್ ಕುಟುಂಬದಲ್ಲಿ ಎಂಟನೇ ಕ್ಲಾಸಿನ ಹುಡುಗಿಯೇ ಅಜ್ಜಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾಳೆ. ಅಜ್ಜಿಯ ಗರ್ಭಕೋಶದ ತೊಂದರೆಯನ್ನು ಮೊಮ್ಮಗಳು ಗಂಡು ಡಾಕ್ಟರಿಗೆ ವಿವರಿಸಬೇಕು. ಅಜ್ಜಿ ಅರ್ಧ ಹೇಳುತ್ತಾಳೆ, ಹುಡುಗಿ ಅದರಲ್ಲೂ ಅರ್ಧ ನುಂಗುತ್ತಾಳೆ. ಭಾಷೆ ಬರದಿದ್ದರೆ ಮನೆಯಲ್ಲಿ ದೊಡ್ಡವರು ಚಿಕ್ಕವರಾಗುತ್ತಾರೆ, ಚಿಕ್ಕವರು ಹೊತ್ತಿಗೆ ಮುಂಚೆ ದೊಡ್ಡವರಾಗುತ್ತಾರೆ. ಐಟಿಯವರ ಮನೆಗಳಲ್ಲೂ ಇದು ಬೇರೆ ರೂಪದಲ್ಲಿ ನಡೆಯುತ್ತದೆ. ಶಾಲೆಯ ಪೋಷಕರ ಸಭೆಯಲ್ಲಿ ಅಪ್ಪ ಅಮ್ಮ ತಲೆಯಾಡಿಸಿ ಬರುತ್ತಾರೆ, ಏನು ಮಾತಾಡಿದರು ಅಂತ ಮಗನನ್ನೇ ಕೇಳುತ್ತಾರೆ. ಮಗ ತನಗೆ ಬೇಕಾದ್ದನ್ನು ಹೇಳುತ್ತಾನೆ!

ಕನ್ನಡ ಸಂಘದ ಭಾಷಣಗಳಲ್ಲಿ ಕಿಟೆಲ್ ಹೆಸರು ತಪ್ಪದೆ ಬರುತ್ತದೆ: ಜರ್ಮನಿಯಲ್ಲಿ ಹುಟ್ಟಿ, 1853ರಲ್ಲಿ ನಮ್ಮ ಕಡೆ ಬಂದು, 1894ರಲ್ಲಿ ಕನ್ನಡ ನಿಘಂಟು ಕೊಟ್ಟವರು, ನಾವೂ ಹಾಗೇ ಕಲಿಯೋಣ ಅಂತ. ನನಗೆ ಈ ಹೋಲಿಕೆ ಒಗ್ಗುವುದಿಲ್ಲ. ಅವರು ಕ್ರೈಸ್ತ ಧರ್ಮಪ್ರಚಾರದ ಬಾಸೆಲ್ ಮಿಷನ್ನಿನ ಕಡೆಯಿಂದ ಬಂದವರು, ಜನರ ಭಾಷೆ ಅವರ ಕೆಲಸಕ್ಕೆ ಬೇಕೇ ಬೇಕಿತ್ತು. ಇವತ್ತಿಗೆ ಹೋಲಿಸಬೇಕಾದರೆ ಇಲ್ಲಿಗೆ ಬರುವ ನರ್ಸುಗಳಿಗೆ ಹೋಲಿಸಿ. ಅವರಿಗೆ ಸಾಮಾನ್ಯವಾಗಿ ಬಿ2 ಮಟ್ಟ (ಎ1ರಿಂದ ಎಣಿಸಿದರೆ ನಾಲ್ಕನೇ ಮೆಟ್ಟಿಲು) ಬೇಕು, ಡಾಕ್ಟರುಗಳಿಗೆ ಅದರ ಮೇಲೆ ವೈದ್ಯಕೀಯ ಜರ್ಮನ್ ಪರೀಕ್ಷೆ ಬೇರೆ. ರೋಗಿಯ ಮಾತು ಅರ್ಥವಾಗದೆ ಆ ಕೆಲಸ ನಡೆಯುವುದಿಲ್ಲವಲ್ಲ. ನಾನು ನೋಡಿದಂತೆ ಐಟಿಯವರಿಗಿಂತ ಈ ನರ್ಸುಗಳು ಊರಿನೊಳಗೆ ಬೇಗ ಬೆರೆಯುತ್ತಾರೆ, ಸಂಬಳ ಕಡಿಮೆಯಿದ್ದರೂ.

'ಹಾಗಾದರೆ ಬೆಂಗಳೂರಿಗೆ ಬಂದವರು?' ಅಂತ ಯಾರಾದರೂ ಕೆಳಗೆ ಕೇಳೇ ಕೇಳುತ್ತಾರೆ. ಅದು ಒಂದೇ ದೇಶದೊಳಗಿನ ಮಾತು. ಅಲ್ಲಿ ವೀಸಾ ಇಲ್ಲ, ಎಲ್ಲಿ ಬೇಕಾದರೂ ನೆಲೆಸುವ ಹಕ್ಕನ್ನು ಸಂವಿಧಾನವೇ ಕೊಟ್ಟಿದೆ. ಪರೀಕ್ಷೆ ಇಟ್ಟು ಒಳಗೆ ಬಿಡಲಾಗದು. ಅಷ್ಟು ಬಿಟ್ಟರೆ ನನ್ನ ವಾದ ಅಲ್ಲಿಗೂ ಸಲ್ಲುತ್ತದೆ. ಅಂದಹಾಗೆ, ಬೆಂಗಳೂರಿನ ಹಿಂದಿಯವರನ್ನು ಬೈಯುತ್ತಾ ಮ್ಯೂನಿಕ್‌ನಲ್ಲಿ ಹತ್ತು ವರ್ಷ ಬರೀ ಇಂಗ್ಲಿಷಿನಲ್ಲಿ ಕಳೆದ ನಮ್ಮವರು ಬೇಕಾದಷ್ಟು ಮಂದಿ ಇದ್ದಾರೆ.

ಕಲಿಯುವುದು ಹೇಗೆ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇಂಗ್ಲಿಷ್ ಮೂಲಕ ಹೋದರೆ ಜರ್ಮನ್ ತಲೆಕೆಳಗಾಗಿ ಕಾಣುತ್ತದೆ. ಕನ್ನಡದಿಂದ ನೋಡಿದರೆ ಅಷ್ಟು ವಿಚಿತ್ರವಲ್ಲ. ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೇ ಬರುತ್ತದೆ. ವಿಭಕ್ತಿ ನಾಲ್ಕೇ, ನಾವು ಏಳು ಕಂಠಪಾಠ ಮಾಡಿದವರು. ಲಿಂಗ ಮಾತ್ರ ಕಷ್ಟ, ಮೇಜಿಗೆ ಗಂಡು, ದೀಪಕ್ಕೆ ಹೆಣ್ಣು. ಅದಕ್ಕೆ ಮದ್ದಿಲ್ಲ, ಉರು ಹೊಡೆಯಿರಿ. ಸ್ಟುಟ್‌ಗಾರ್ಟ್‌ನಲ್ಲಿ ಸ್ವೇಬಿಶ್ ಆಡುಮಾತು ಬೇರೆ. ಕ್ಲಾಸಿನಲ್ಲಿ ಕಲಿತದ್ದಕ್ಕೂ ಪಕ್ಕದ ಮನೆಯ ಅಜ್ಜಿ ಆಡುವುದಕ್ಕೂ ಸಂಬಂಧವಿಲ್ಲ ಅನ್ನಿಸಿದರೆ ಗಾಬರಿಯಾಗಬೇಡಿ. ನೀವು ತೊದಲಿದ ಕೂಡಲೇ ಎದುರಿನವರು ಇಂಗ್ಲಿಷಿಗೆ ತಿರುಗುತ್ತಾರೆ. ಅವರ ಪ್ರಕಾರ ಅದು ಉಪಕಾರ. 'ದಯವಿಟ್ಟು ಜರ್ಮನ್‌ನಲ್ಲೇ ಮಾತಾಡಿ' ಅಂತ ಹೇಳಿ, ಬಹಳಷ್ಟು ಜನ ಖುಷಿಯಿಂದ ನಿಧಾನ ಮಾಡುತ್ತಾರೆ. ಮನೆಯಲ್ಲಿ ಕನ್ನಡ ಬಿಡಬೇಡಿ. ಮಕ್ಕಳಿಗೆ ಜರ್ಮನ್ ಕೀಟಾದಲ್ಲಿ ತಾನಾಗಿ ಬರುತ್ತದೆ.

ಲಾಭದ ಲೆಕ್ಕವೇ ಬೇಕಿದ್ದರೆ ಅದೂ ಇದೆ. ಬ್ಲೂ ಕಾರ್ಡಿನವರಿಗೆ ಎ1 ಇದ್ದರೆ 27 ತಿಂಗಳಿಗೆ ಕಾಯಂ ವಾಸದ ಪರವಾನಗಿ, ಬಿ1 (ಮೂರನೇ ಮೆಟ್ಟಿಲು) ಇದ್ದರೆ 21 ತಿಂಗಳಿಗೇ. ಪೌರತ್ವಕ್ಕೂ ಬಿ1 ಬೇಕು.

ವೀಸಾ ಕೈಗೆ ಬರಲು ಹೇಗೂ ಸ್ವಲ್ಪ ಸಮಯ ಹಿಡಿಯುತ್ತದೆ. ನೀವು ಬೆಂಗಳೂರಿನವರಾದರೆ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಎ1 ತರಗತಿ ವಿಚಾರಿಸಿ. ಇಬ್ಬರ ಹೆಸರೂ ಬರೆಸಿ. ಒಬ್ಬರಿಗೆ ಮಾತ್ರ ಪುರುಸೊತ್ತು ಅನ್ನುವುದಾದರೆ ಹೆಂಡತಿ ಹೋಗಲಿ, ನಿಮಗೆ ಆಫೀಸಾದರೂ ಇದೆ.