ಗೇಜ್ ಏರಿದೆ, ಉರಿ ನಿಲ್ಲುತ್ತಿಲ್ಲ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಅಡಿಕೆ ಡ್ರೈಯರ್‌ಗೆಂದು ಹೊಸ ಎಲ್‌ಪಿಜಿ ಟ್ಯಾಂಕ್ ಕೂರಿಸಿದ್ದೇವೆ. ಗೇಜ್ 9 ಬಾರ್ ತೋರಿಸುತ್ತಿದೆ. ಆದರೂ ಬರ್ನರ್ ಹೊತ್ತಿದ ಕೂಡಲೇ ಉರಿ ಹಾರಿ ಆರಿಹೋಗುತ್ತದೆ. ರೆಗ್ಯುಲೇಟರ್ ಬದಲಿಸಿದರೂ ಅದೇ ಕಥೆ. — ಬೆಳೆಗಾರರು, ಸಾಗರ

ಉತ್ತರ: ಹಳೆಯ ರೆಗ್ಯುಲೇಟರನ್ನೇ ಮತ್ತೆ ಹಾಕಿ, ಅದರ ತಪ್ಪೇನಿಲ್ಲ. ಗೇಜ್ ಒತ್ತಡ ಎಷ್ಟೆಂದು ಹೇಳುತ್ತದೆ, ಯಾವ ಅನಿಲದ್ದೆಂದು ಹೇಳುವುದಿಲ್ಲ. ಹೊಸ ಟ್ಯಾಂಕಿನೊಳಗೆ ತೇವ, ತುಕ್ಕು ಸೇರದಂತೆ ನೈಟ್ರೋಜನ್ ತುಂಬಿ ಕಳಿಸುವುದುಂಟು. ಅದನ್ನು ಹೊರಹಾಕದೆ ನಿಮಗೆ ಎಲ್‌ಪಿಜಿ ತುಂಬಿದಂತಿದೆ.

ಲೆಕ್ಕ ಹಾಕಿ. ಎಲ್‌ಪಿಜಿ ದ್ರವದಲ್ಲಿ ಅಣುಗಳ ಲೆಕ್ಕದಲ್ಲಿ 40 ಪಾಲು ಪ್ರೊಪೇನ್, 60 ಪಾಲು ಬ್ಯೂಟೇನ್ ಇದೆ ಎನ್ನೋಣ. 25 ಡಿಗ್ರಿಯಲ್ಲಿ ಶುದ್ಧ ಪ್ರೊಪೇನಿನ ಆವಿ ಒತ್ತಡ ಸುಮಾರು 9.5 ಬಾರ್, ಬ್ಯೂಟೇನಿನದು 2.4. ಪಾಲಿಗೆ ತಕ್ಕಂತೆ 3.8 ಮತ್ತು 1.4, ಕೂಡಿದರೆ 5.2 ಬಾರ್. ವಾತಾವರಣದ 1 ಬಾರ್ ಕಳೆದರೆ ಗೇಜ್ 4.2ರ ಆಸುಪಾಸಿನಲ್ಲಿ ನಿಲ್ಲಬೇಕಿತ್ತು. ಉಳಿದದ್ದು ನೈಟ್ರೋಜನಿನದು. 1 ಬಾರ್‌ನಲ್ಲಿ ಇಡೀ ಟ್ಯಾಂಕ್ ತುಂಬಿಕೊಂಡಿದ್ದ ಅದು, ಶೇ. 80ರಷ್ಟು ದ್ರವ ಬಂದಾಗ ಮೇಲಿನ ಐದನೇ ಒಂದು ಜಾಗಕ್ಕೆ ಒತ್ತಿಕೊಂಡು 5 ಬಾರ್ ಆಗಿದೆ. ಬರ್ನರಿಗೆ ಬರುವ ಆವಿಯಲ್ಲಿ ಹೆಚ್ಚುಕಡಿಮೆ ಅರ್ಧ ಉರಿಯದ ಅನಿಲ!

ಸ್ವಲ್ಪ ಕಾಲ ಹಾಗೇ ಬಿಟ್ಟರೆ ಗೇಜ್ ಇಳಿಯುತ್ತದೆ. ಅದನ್ನು ನಂಬಬೇಡಿ: ನೈಟ್ರೋಜನಿನ ಒಂದು ಪಾಲು ದ್ರವದಲ್ಲಿ ಕರಗಿದೆ, ಅಷ್ಟೆ. ಬಳಸುತ್ತಾ ಹೋದಂತೆ ಮೊದಲು ಹೊರಬೀಳುವುದು ಅದೇ. ಅಲ್ಲಿಯವರೆಗೆ ಉರಿ ಆರಿದಾಗಲೆಲ್ಲ ಡ್ರೈಯರ್ ಒಳಗೆ ಹೊತ್ತಿಕೊಳ್ಳದ ಗ್ಯಾಸ್ ತುಂಬುವ ಅಪಾಯವಿದೆ, ಹಾಗಾಗಿ ಹೊತ್ತಿಸುವುದನ್ನು ನಿಲ್ಲಿಸಿ ಸರಬರಾಜುದಾರರನ್ನೇ ಕರೆಸಿ. ತುಂಬುವ ಮೊದಲೇ ಅವರು ಮಾಡಬೇಕಿದ್ದ ಕೆಲಸ ಇಷ್ಟು: ಗೇಜಿನಲ್ಲಿ 1 ಬಾರ್ ಬರುವವರೆಗೆ ಎಲ್‌ಪಿಜಿ ಆವಿಯನ್ನು ಒಳಗೆ ಬಿಡುವುದು, ಗೇಜ್ ಸೊನ್ನೆಗೆ ಇಳಿಯುವವರೆಗೆ ಹೊರಗೆ ಬಿಡುವುದು, ಹೀಗೆ ಐದು ಸಲ. ಪ್ರತಿ ಸಲ ನೈಟ್ರೋಜನ್ ಅರ್ಧವಾಗುತ್ತದೆ, ಐದನೆಯದಕ್ಕೆ ಶೇ. 3ಕ್ಕೆ ಇಳಿದಿರುತ್ತದೆ. ಆವಿಯ ಬದಲು ದ್ರವ ಬಿಡುವವರಿದ್ದಾರೆ. ದ್ರವ ತಟ್ಟನೆ ಆವಿಯಾಗಿ ಟ್ಯಾಂಕ್ ತಣ್ಣಗಾಗುತ್ತದೆ, ಒಳಗಿನ ತೇವ ವಾಲ್ವಿನಲ್ಲಿ ಹೆಪ್ಪುಗಟ್ಟುತ್ತದೆ. ಈ ಇಡೀ ಕೆಲಸವನ್ನು ನೀವೇ ಮಾಡಲು ಹೋಗಬೇಡಿ.

ಪ್ರಶ್ನೆ: ಡಿಸೆಂಬರ್ ಬೆಳಗಿನ ಹೊತ್ತು 19 ಕೆ.ಜಿ. ಸಿಲಿಂಡರಿನ ತಳದ ಗ್ಯಾಸ್ ಬರುವುದೇ ಇಲ್ಲ. ಬಿಸಿನೀರಿನಲ್ಲಿ ಇಡಬಹುದೇ? — ಹೋಟೆಲಿನವರು, ತೀರ್ಥಹಳ್ಳಿ

ಉತ್ತರ: ಬೇಡ. ಪ್ರೊಪೇನ್ ಕುದಿಯುವುದು ಮೈನಸ್ 42 ಡಿಗ್ರಿಗೆ, ಬ್ಯೂಟೇನ್ ಮೈನಸ್ ಅರ್ಧ ಡಿಗ್ರಿಗೆ. ಹಾಗಾಗಿ ಮೊದಲು ಪ್ರೊಪೇನ್ ಖಾಲಿಯಾಗಿ ಕೊನೆಗೆ ಬ್ಯೂಟೇನ್ ಉಳಿಯುತ್ತದೆ. ಗಂಟೆಗೆ 2 ಕೆ.ಜಿ. ಎಳೆಯುವ ಒಲೆಗೆ ಅಷ್ಟನ್ನು ಆವಿಯಾಗಿಸಲು ಸುಮಾರು 200 ವ್ಯಾಟ್ ಶಾಖ ಸಿಲಿಂಡರಿನ ಗೋಡೆಯಿಂದಲೇ ಬರಬೇಕು. ಬಾರದಿದ್ದರೆ ದ್ರವ ಸೊನ್ನೆ ಡಿಗ್ರಿಯತ್ತ ಇಳಿಯುತ್ತದೆ, ಒತ್ತಡವೇ ಉಳಿಯುವುದಿಲ್ಲ. ಎರಡು ಸಿಲಿಂಡರನ್ನು ಮ್ಯಾನಿಫೋಲ್ಡಿಗೆ (ಹಲವು ಸಿಲಿಂಡರುಗಳ ಗ್ಯಾಸನ್ನು ಒಟ್ಟುಗೂಡಿಸುವ ಕೊಳವೆ) ಜೋಡಿಸಿದರೆ ಪ್ರತಿಯೊಂದರ ಮೇಲಿನ ಹೊರೆ ಅರ್ಧವಾಗುತ್ತದೆ. ಮಲಗಿಸಬೇಡಿ, ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ.

ಪ್ರಶ್ನೆ: ನೈಟ್ರೋಜನ್ ಮತ್ತು ಹೈಡ್ರೋಕಾರ್ಬನ್ (ಇಂಗಾಲ, ಹೈಡ್ರೋಜನ್ ಮಾತ್ರ ಇರುವ ಸಂಯುಕ್ತ) ಸೇರಿದರೆ ಒಂದೇ ಪಾತ್ರೆಯಲ್ಲಿ ಎರಡು ದ್ರವ, ಒಂದು ಆವಿ ಇರಬಹುದೆಂದು ಓದಿದೆ. ಹೇಗೆ? — ಎಂ.ಎಸ್ಸಿ. ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಹೈಡ್ರೋಕಾರ್ಬನ್ ಯಾವುದೆಂಬುದರ ಮೇಲೆ ನಿಂತಿದೆ. ದ್ರವ ಮೀಥೇನ್ ಜೊತೆ ನೈಟ್ರೋಜನ್ ಯಾವ ಪ್ರಮಾಣದಲ್ಲಾದರೂ ಬೆರೆಯುತ್ತದೆ. ಈಥೇನ್, ಪ್ರೊಪೇನ್ ಜೊತೆ ಹಾಗಲ್ಲ: ಮೈನಸ್ 150 ಡಿಗ್ರಿಯ ಆಸುಪಾಸಿನಲ್ಲಿ, ಹತ್ತಾರು ಬಾರ್ ಒತ್ತಡದಲ್ಲಿ, ನೈಟ್ರೋಜನ್ ಹೆಚ್ಚಿರುವ ದ್ರವ ಬೇರೆ, ಈಥೇನ್ ಹೆಚ್ಚಿರುವ ದ್ರವ ಬೇರೆ ಪದರವಾಗುತ್ತದೆ. ಶುದ್ಧ ನೈಟ್ರೋಜನ್ ಮೈನಸ್ 147 ಡಿಗ್ರಿಗಿಂತ ಮೇಲೆ ಎಷ್ಟು ಒತ್ತಿದರೂ ದ್ರವವಾಗದು. ಈಥೇನ್ ಕರಗಿದ್ದರೆ ಮಾತ್ರ ಮೈನಸ್ 141ರವರೆಗೂ ಆ ಎರಡನೇ ದ್ರವ ಉಳಿದುಕೊಳ್ಳುತ್ತದೆ. ನನಗೆ ಇಡೀ ವಿಷಯದಲ್ಲಿ ಸೊಗಸೆನಿಸುವುದು ಇದೇ.

ಗಿಬ್ಸ್ ನಿಯಮ ಹಚ್ಚಿ: ಘಟಕಗಳ ಸಂಖ್ಯೆಯಿಂದ ಹಂತಗಳ (ಫೇಸ್, ಅಂದರೆ ಇಲ್ಲಿನ ಎರಡು ದ್ರವ, ಒಂದು ಆವಿ) ಸಂಖ್ಯೆ ಕಳೆದು ಎರಡು ಕೂಡಿಸಿದರೆ ಸ್ವಾತಂತ್ರ್ಯ, ಅಂದರೆ ನಾವೇ ಆರಿಸಬಹುದಾದ ಅಳತೆಗಳ ಸಂಖ್ಯೆ. ಎರಡು ಘಟಕ, ಮೂರು ಹಂತ, ಉಳಿಯುವ ಸ್ವಾತಂತ್ರ್ಯ ಒಂದೇ. ತಾಪ ಆರಿಸಿದಿರೆಂದರೆ ಒತ್ತಡ, ಮೂರೂ ಹಂತಗಳ ಸಂಯೋಜನೆ ಎಲ್ಲ ತಾನೇ ನಿಗದಿ. ಮೀಥೇನ್ ಸೇರಿಸಿದರೆ ಸ್ವಾತಂತ್ರ್ಯ ಎರಡಾಗುತ್ತದೆ. ಅದರ ಪಾಲು ಹೆಚ್ಚುತ್ತಾ ಹೋದರೆ ಎರಡು ದ್ರವಗಳೂ ಒಂದಾಗಿಬಿಡುತ್ತವೆ. ನೈಟ್ರೋಜನ್ ಹೆಚ್ಚಿರುವ ನೈಸರ್ಗಿಕ ಅನಿಲವನ್ನು ದ್ರವವಾಗಿಸುವ ಸ್ಥಾವರದ ವಿನ್ಯಾಸಕಾರರು ಈ ಎರಡನೇ ಪದರವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಬೇರ್ಪಡಿಸುವ ಪಾತ್ರೆಯ ಸಂಯೋಜನೆಯೇ ತಪ್ಪಿಹೋಗುತ್ತದೆ.